ಕಚೇರಿಯ ಹಳೆಯ ಕಾರಿನ ಕುಡಿತದ ಬಗ್ಗೆ

ಸಂಖ್ಯೆ: ತೂ.ಪ./ಇಂ.ಮಿ./ಹ.ಕಾ./10
ದಿನಾಂಕ: ಈ ತಿಂಗಳ 19

ವಿಷಯ: ಕಚೇರಿಯ ಹಳೆಯ ಸಣ್ಣ ಕಾರಿಗೆ ಹಾಕತಕ್ಕ ಪೆಟ್ರೋಲಿನ ಆಕ್ಟೇನ್ ಅಂಕ, ಸದರಿ ಕಾರಿನ ಮೈಲೇಜು ಹಾಗೂ ಚಾಲಕರ ಅಧಿಕಪ್ರಸಂಗ ಕುರಿತು.

ಉಲ್ಲೇಖ:
1) ಇಂಧನ ಮಿತವ್ಯಯ ಸುತ್ತೋಲೆಗಳು, 1ರಿಂದ 9.
2) ಚಾಲಕರು ಬಳಸಿದ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟ ಟಿಪ್ಪಣಿ, ದಿನಾಂಕ 11.

ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವ ಈ ಇಲಾಖೆಯಲ್ಲಿ ಇಪ್ಪತ್ತೊಂದು ವರ್ಷ ಹಳೆಯದಾದ ಒಂದು ಸಣ್ಣ ಕಾರಿದ್ದು, ಬಂದ ದಿನದಿಂದ ಅದನ್ನು ಒಬ್ಬರೇ ಚಾಲಕರು ಓಡಿಸುತ್ತಿದ್ದಾರೆ. ಸಿಬ್ಬಂದಿಯು ಇವರನ್ನು ‘ಮೈಲೇಜಪ್ಪ’ ಎಂದು ಕರೆಯುವುದು ಗಮನಕ್ಕೆ ಬಂದಿದೆ. ಸದರಿ ಹೆಸರಿಗೆ ಮಂಜೂರಾತಿ ಇಲ್ಲ. ಈ ತಿಂಗಳ 30ರಂದು ನಡೆಯುವ ಪರೀಕ್ಷೆಯಲ್ಲಿ ಕಾರು ಲೀಟರಿಗೆ 16 ಕಿಲೋಮೀಟರು ಓಡದಿದ್ದಲ್ಲಿ ಕಾರನ್ನು ಗುಜರಿಗೂ ಚಾಲಕರನ್ನು ಟಪಾಲು ಶಾಖೆಗೂ ಕಳುಹಿಸುವುದಾಗಿ 8ನೇ ಸುತ್ತೋಲೆಯಲ್ಲಿ ತಿಳಿಸಲಾಗಿತ್ತು. ಮೈಲೇಜು ಹೆಚ್ಚಲೆಂದು 97 ಆಕ್ಟೇನಿನ ಪೆಟ್ರೋಲು ಹಾಕಿಸಲು ನಿರ್ದೇಶಕರು ದೊಡ್ಡ ಮನಸ್ಸಿನಿಂದ ಆದೇಶಿಸಿದ್ದರು. ಕೈಮುಗಿದು ಒಪ್ಪಿಕೊಳ್ಳುವ ಬದಲು ಚಾಲಕರು ಬರೆದಿರುವುದನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

“ಸಾರ್, ಇದು ಹಳೇ ಗಾಡಿ. ಪೆಟ್ರೋಲ್ ಮುಚ್ಚಳದ ಒಳಗಡೇನೇ ಬರ್ದಿದೆ, 91 ಸಾಕು ಅಂತ. 97 ಹಾಕಿದ್ರೆ ಇದಕ್ಕೇನೂ ಕೋಡು ಮೂಡಲ್ಲ. ಎಂಜಿನ್ ಟಕಟಕ ಅಂತ ತಟ್ಟಿದ್ರೆ ತಾನೆ ದೊಡ್ಡ ನಂಬರ್ ಬೇಕು? ಇದು ತಟ್ಟೋದೇ ಇಲ್ಲ. ಗಾಡಿ ಇಷ್ಟು ಕುಡೀತಿರೋದು ಡಿಕ್ಕಿಯಿಂದ ಸಾರ್. ಅದರಲ್ಲಿರೋ ಕಟ್ಟು ಇಳ್ಸಿ, ಟೈರಿಗೆ ಗಾಳಿ ಹಾಕ್ಸೋಕೆ ಬಿಡಿ. ಹದಿನಾರು ನಾನು ಕೊಡಿಸ್ತೀನಿ.”

ಮೇಲ್ಕಂಡ ಬರಹವನ್ನು ಮೂವರು ಅಧಿಕಾರಿಗಳ ಸಮಿತಿಯು ನಾಲ್ಕು ಬಾರಿ ಓದಿದೆ. ಮೂವರಿಗೂ ಕಾರು ಓಡಿಸಲು ಬಾರದಿರುವುದರಿಂದ ಸಮಿತಿಯ ನಿಷ್ಪಕ್ಷಪಾತತೆಯು ಪ್ರಶ್ನಾತೀತವಾಗಿದೆ. ಅದರಂತೆ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ‘ಗಾಡಿ ಕುಡೀತಿದೆ’ ಎಂಬ ಆರೋಪದ ಬಗ್ಗೆ: ಕರ್ತವ್ಯದ ವೇಳೆಯಲ್ಲಿ ಕುಡಿಯುವುದು ಗಂಭೀರ ದುರ್ನಡತೆ. ಕಾರಿಗೆ ಕಾರಣ ಕೇಳುವ ನೋಟಿಸನ್ನು ಜಾರಿ ಮಾಡಿ ವೈಪರಿಗೆ ಸಿಕ್ಕಿಸಲಾಗಿದೆ. ಏಳು ದಿನವಾದರೂ ಉತ್ತರ ಬಂದಿಲ್ಲ. ಮೌನವನ್ನು ಸಮ್ಮತಿಯೆಂದು ದಾಖಲಿಸಲಾಗಿದೆ.

2. ಆಕ್ಟೇನ್ ಎಂಬುದು ಪೆಟ್ರೋಲು ನೂರಕ್ಕೆ ತೆಗೆದ ಅಂಕವೆಂದು ತೀರ್ಮಾನಿಸಲಾಗಿದೆ. 97 ತೆಗೆದದ್ದು ಕಣ್ಣೆದುರಿಗಿರುವಾಗ 91 ತೆಗೆದದ್ದರ ಪರ ವಕಾಲತ್ತು ವಹಿಸುವುದು ದಡ್ಡರಿಗೆ ದಡ್ಡರೇ ನೆಂಟರೆಂಬುದಕ್ಕೆ ಸಾಕ್ಷಿ. ಇನ್ನು ಮುಂದೆ ಕಾರಿನಲ್ಲಿ ನಿರ್ದೇಶಕರು ಕುಳಿತಾಗ 97, ಅಧೀಕ್ಷಕರು ಕುಳಿತಾಗ 95, ಗುಮಾಸ್ತರು ಕುಳಿತಾಗ 91 ಬಳಸತಕ್ಕದ್ದು. ಚಾಲಕರೊಬ್ಬರೇ ಇದ್ದಲ್ಲಿ ಕಾರನ್ನು ತಳ್ಳತಕ್ಕದ್ದು. “ಟ್ಯಾಂಕ್ ಒಂದೇ ಅಲ್ವಾ ಸಾರ್?” ಎಂಬ ಮೌಖಿಕ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಟ್ಯಾಂಕಿನೊಳಗೆ ಮೂರು ದರ್ಜೆಯ ಪೆಟ್ರೋಲುಗಳು ಒಂದರ ಜೊತೆ ಒಂದು ಬೆರೆಯದಂತೆ ನೋಡಿಕೊಳ್ಳುವುದು ಚಾಲಕರ ಹೊಣೆ.

3. ಮುಚ್ಚಳದ ಒಳಗಿನ ಬರಹದಲ್ಲಿ ಸಹಿ, ಮೊಹರು, ದಿನಾಂಕ ಯಾವುದೂ ಇಲ್ಲ. ಅದು ಶೌಚಾಲಯದ ಗೋಡೆಬರಹಕ್ಕೆ ಸಮ.

4. ‘ತಟ್ಟೋದೇ ಇಲ್ಲ’ ಎಂಬ ಬಗ್ಗೆ: ನಿರ್ದೇಶಕರ ಕೊಠಡಿಗೆ ಬರುವವರೆಲ್ಲರೂ ಬಾಗಿಲು ತಟ್ಟಿಯೇ ಬರುತ್ತಾರೆ. ಎಂಜಿನ್ನಿಗೆ ಪ್ರತ್ಯೇಕ ವಿನಾಯಿತಿ ನೀಡಲು ಅವಕಾಶವಿರುವುದಿಲ್ಲ.

5. ಡಿಕ್ಕಿ ಸಂಭವಿಸಿದ ಸ್ಥಳವನ್ನು ಪತ್ತೆ ಮಾಡಲು ಸಮಿತಿಯು ಎರಡು ದಿನ ಬೀದಿ ಬೀದಿ ಸುತ್ತಿ, ಡಿಕ್ಕಿ ಎಂದರೆ ಕಾರಿನ ಹಿಂಬದಿಯ ಸಾಮಾನಿನ ಗೂಡು ಎಂದು ತಿಳಿದು ಮರಳಿದೆ. ಸುತ್ತಿದ್ದು ಅದೇ ಕಾರಿನಲ್ಲಿ. ಅದರೊಳಗಿರುವುದು ಇಂಧನ ಮಿತವ್ಯಯ ಸುತ್ತೋಲೆಗಳ ಪ್ರತಿಗಳು. ಚಾಲಕರು ಇವನ್ನು ಇಲಾಖೆಯ ತಕ್ಕಡಿಯಲ್ಲೇ ತೂಗಿ 140 ಕಿಲೋ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಇಲಾಖೆಯ ತಕ್ಕಡಿ ಇರುವುದು ಅಂಗಡಿಯವರ ಬಂಡವಾಳ ಬಯಲು ಮಾಡಲು, ಇಲಾಖೆಯದ್ದನ್ನಲ್ಲ. ಸುತ್ತೋಲೆಯ ತೂಕವು ಅದರ ವಿಷಯದಲ್ಲಿರುತ್ತದೆ, ಕಾಗದದಲ್ಲಿ ಅಲ್ಲ.

6. 12ನೇ ತಾರೀಖು ಚಾಲಕರು ಯಾರಿಗೂ ಹೇಳದೆ ಕಟ್ಟುಗಳನ್ನು ಮೊಗಸಾಲೆಯಲ್ಲಿ ಇಳಿಸಿ, ಟೈರಿಗೆ ಗಾಳಿ ತುಂಬಿಸಿ, 91 ಹಾಕಿಸಿ ಓಡಿಸಿದ್ದು, ಕಾರು ಅಂದು 16.4 ಓಡಿರುವುದು ನಿಜ. ಆದರೆ ಅಂದೇ ಬೆಳಿಗ್ಗೆ ಹತ್ತಕ್ಕೆ 9ನೇ ಸುತ್ತೋಲೆಯನ್ನು ಫಲಕಕ್ಕೆ ಅಂಟಿಸಲಾಗಿತ್ತು. ಹತ್ತೂವರೆಗೆ ಕಾರು ಹೊರಟಿತ್ತು. ಕಾರಣ ಹಗಲಿನಷ್ಟು ಸ್ಪಷ್ಟ. “ಅಜ್ಜಿ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತಂತೆ” ಎಂದು ಗೊಣಗಿದ ಬೆರಳಚ್ಚುಗಾರ್ತಿಯಿಂದ ವಿವರಣೆ ಕೇಳಲಾಗಿದೆ. ಸುತ್ತೋಲೆಗಳಿಗೆ ಇಷ್ಟು ಶಕ್ತಿ ಇರುವುದು ಸಾಬೀತಾಗಿರುವುದರಿಂದ ಎಲ್ಲ ಕಟ್ಟುಗಳನ್ನೂ ಡಿಕ್ಕಿಗೆ ಮರಳಿಸಲಾಗಿದೆ. ಗಾಳಿಯು ದಾಸ್ತಾನು ಪುಸ್ತಕದಲ್ಲಿ ನಮೂದಾಗದ ವಸ್ತುವಾದ್ದರಿಂದ ಅದನ್ನು ಟೈರಿನಿಂದ ಬಿಡಿಸಿ ಬಂಕಿಗೆ ಹಿಂದಿರುಗಿಸಲಾಗಿದೆ.

7. ತದನಂತರ 97 ಹಾಕಿಯೂ ಕಾರು 13.2 ಮಾತ್ರ ಓಡಿದೆ. ಏರಿದ್ದು ಸುತ್ತೋಲೆಯಿಂದ, ಇಳಿದದ್ದು ಚಾಲಕರಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓಡಿಸಲಾರದವರು ಡಿಕ್ಕಿ ಭಾರ ಅನ್ನುತ್ತಾರೆ.

8. ವಿಚಾರಣೆಯಲ್ಲಿ ಚಾಲಕರು, “ಇಪ್ಪತ್ತೊಂದು ವರ್ಷ ಮಗು ಥರ ನೋಡ್ಕೊಂಡಿದ್ದೀನಿ ಸಾರ್. ನನ್ನ ಎಲ್ಲಿಗಾದ್ರೂ ಹಾಕಿ, ಅದನ್ನ ಮಾತ್ರ ಗುಜರಿಗೆ ಹಾಕ್ಬೇಡಿ” ಎಂದು ನುಡಿದಿದ್ದಾರೆ. ಆ ವೇಳೆ ಅವರ ಕಣ್ಣಿನಲ್ಲಿ ಕಂಡುಬಂದ ದ್ರವದ ಆಕ್ಟೇನ್ ಅಂಕ ತಿಳಿದುಬಂದಿಲ್ಲ.

9. 30ರ ಪರೀಕ್ಷೆಯು ಡಿಕ್ಕಿ ತುಂಬಿದ ಸ್ಥಿತಿಯಲ್ಲಿ, ಸಮಿತಿಯ ಮೂವರೂ ಕುಳಿತು, ಗಾಳಿ ಇಲ್ಲದೆ ನ್ಯಾಯಸಮ್ಮತವಾಗಿ ನಡೆಯಲಿದೆ.

ಸಹಿ/-
ಆಡಳಿತಾಧಿಕಾರಿ
ಹಾಗೂ ಇಂಧನ ಮಿತವ್ಯಯ ಸಮಿತಿಯ ಅಧ್ಯಕ್ಷರು

ಪ್ರತಿಗಳು:
1) ನಿರ್ದೇಶಕರ ಆಪ್ತ ಸಹಾಯಕರಿಗೆ: ನಿರ್ದೇಶಕರು ಓದುವುದಿಲ್ಲವಾದ್ದರಿಂದ ಅವರ ಪರವಾಗಿ ಮೆಚ್ಚಿಕೊಳ್ಳಲು.
2) ಸದರಿ ಕಾರಿಗೆ: 400 ಪ್ರತಿ, ಡಿಕ್ಕಿಯಲ್ಲಿಡಲು.
3) ಪೆಟ್ರೋಲ್ ಬಂಕಿನವರಿಗೆ: ಗಾಳಿ ವಾಪಸು ಮುಟ್ಟಿದ ಬಗ್ಗೆ ರಸೀದಿ ಕಳುಹಿಸಲು.
4) ಗುಜರಿ ಅಂಗಡಿಯವರಿಗೆ: 30ರಂದು ಪರೀಕ್ಷೆ ಶುರುವಾಗುವ ಮುಂಚೆಯೇ ಬಂದು ಗೇಟಿನಲ್ಲಿ ಕಾಯಲು.
5) ಟಪಾಲು ಶಾಖೆಗೆ: ಒಂದನೇ ತಾರೀಖಿನಿಂದ ಮಾಜಿ ಚಾಲಕರಿಗೆ ಒಂದು ಸ್ಟೂಲು ಒದಗಿಸಲು. ಡಿಕ್ಕಿಯಿಂದ ಇಳಿಸಿದ ಕಟ್ಟುಗಳನ್ನು ಅವರು ಹೆಗಲ ಮೇಲೆ ಹೊತ್ತು, ನಡೆದೇ ಹಂಚತಕ್ಕದ್ದು. ಇದರಿಂದ ಪೆಟ್ರೋಲು ಪೂರ್ತಿ ಉಳಿಯುತ್ತದೆ.