ಜ್ಞಾನಸ್ನಾನದ ಕರೆಯೋಲೆಯನ್ನು ಒಂಬತ್ತು ಸಲ ತಡೆದ ದ್ವಾರಪಾಲಕರಿಗೆ

ಇಮೇಲ್ ಕಂಪನಿಯ ಹೆಬ್ಬಾಗಿಲು ಕಾಯುವ ಮಾನ್ಯ ಯಂತ್ರದವರೇ,

ಬಂದ ಪ್ರತಿ ಪತ್ರವನ್ನೂ ಮೂಸಿ ನೋಡುವ ತಮ್ಮ ಮೂಗಿಗೆ, ಇತಾಗುವಾ ಊರಿನ ಲೇಸ್ ಹೆಣೆಯುವ ಹೆಂಗಸರ ಸಂಘದ ಮೇಲ್ ಸರ್ವರ್ ನೋಡಿಕೊಳ್ಳುವ, ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಸಿಂಫೊರಿಯಾನಾ ಮಾಡುವ ನಮಸ್ಕಾರಗಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಬುಟ್ಟಿಗೆ ಮಾತ್ರ ಹಾಕಬೇಡಿ.

ಭಾನುವಾರ ನನ್ನ ಮಗನ ಜ್ಞಾನಸ್ನಾನ. ಜ್ಞಾನತಾಯಿಯಾಗಬೇಕಾದ ನನ್ನ ಹಳೆಯ ಟೀಚರ್ ಎದುವಿಖಿಸ್ ಅವರು ಬರವಣಿಗೆಯಲ್ಲಿ ಕರೆಯದೆ ಎಲ್ಲಿಗೂ ಹೋಗುವವರಲ್ಲ. ಕೈಯಲ್ಲಿ ಬರೆದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಾರೆ, ಅದಕ್ಕೇ ಇಮೇಲು. ಅವರ ಅಂಚೆಪೆಟ್ಟಿಗೆ ತಮ್ಮ ವಶದಲ್ಲಿದೆ. ಕರೆಯೋಲೆ ಅಲ್ಲಿಗೆ ಮುಟ್ಟದೆ ಜ್ಞಾನಸ್ನಾನದ ದಿನವೇ ಮೂರು ಸಲ ಮುಂದಕ್ಕೆ ಹೋಗಿ, ಎತ್ತಿಕೊಂಡು ಹೋಗಬೇಕಿದ್ದ ಮಗು ಈಗ ಕೋಳಿ ಅಟ್ಟಿಸಿಕೊಂಡು ಓಡುತ್ತದೆ. "ಅದರ ಕೈಲೇ ಕಾಗದ ಕೊಟ್ಟು ಕಳ್ಸೇ, ನಿನ್ನ ಡಬ್ಬಕ್ಕಿಂತ ಬೇಗ ಮುಟ್ಟಿಸ್ತದೆ" ಎನ್ನುತ್ತಾರೆ ನಮ್ಮತ್ತೆ.

ಪ್ರತಿ ಪತ್ರಕ್ಕೂ ನಮ್ಮ ಸರ್ವರಿನ ಸಹಿ ಕೇಳಿದಿರಿ, ಹಾಕಿದೆ. ಸರ್ವರಿನ ಇಂಟರ್ನೆಟ್ ನಂಬರು ನೋಡಿದರೆ ನಮ್ಮ ಹೆಸರು ಸಿಗಬೇಕೆಂದಿರಿ, ಇಂಟರ್ನೆಟ್ಟಿನವರ ಕಾಲು ಹಿಡಿದು ಮಾಡಿಸಿದೆ. ಪಕ್ಕದ ನಂಬರಿನವನು ಯಾವತ್ತೋ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಕಳಿಸಿದ್ದನೆಂದು ನಮಗೂ ಕೆಟ್ಟ ಹೆಸರೆಂದಿರಿ. ಅವನ ಮುಖವನ್ನೂ ನಾನು ಕಂಡಿಲ್ಲ, ತಲೆಯನ್ನೂ ಕಂಡಿಲ್ಲ. ದಿನಕ್ಕೆ ಎರಡೆರಡೇ ಪತ್ರ ಕಳಿಸಿ ನಂಬಿಕೆ ಗಳಿಸಿರೆಂದಿರಿ. ಒಂದೇ ಮೇಜಿನ ಸುತ್ತ ಕೂತ ನಾವು ಹನ್ನೊಂದು ಹೆಂಗಸರು ಸರದಿಯಂತೆ "ಹೇಗಿದ್ದೀಯೇ?" "ಚೆನ್ನಾಗಿದ್ದೀನಿ ಕಣೇ" ಎಂದು ಇಮೇಲು ಬರೆದುಕೊಂಡೆವು. ಎಲ್ಲವೂ ಒಂದೇ ಥರ ಇವೆ, ಅನುಮಾನ ಎಂದಿರಿ. ಏನು ಮಾಡುವುದು, ನಾವೆಲ್ಲ ಚೆನ್ನಾಗಿಯೇ ಇದ್ದೆವು. ನಿನ್ನೆಯಿಂದ ನಮ್ಮಲ್ಲೊಬ್ಬಳಾದ ರೊಸೌರಾಳ ಕೈಲಿ ಹಲ್ಲುನೋವೆಂದು ಬರೆಸುತ್ತಿದ್ದೇನೆ.

ಇನ್ನು ಟೀಚರಿಗೆ ಸುದ್ದಿ ಮುಟ್ಟುವ ಲಕ್ಷಣವಿಲ್ಲ. ಯೋಚಿಸಿ ಯೋಚಿಸಿ ನಿದ್ದೆಗೆಟ್ಟು ಹೊಳೆದದ್ದು ಇಷ್ಟು: ಆ ಕರೆಯೋಲೆಯನ್ನು ಒಂಬತ್ತು ಸಲವೂ ಅಕ್ಷರ ಬಿಡದೆ ಓದಿದವರು, ಮಗುವಿನ ಹೆಸರು, ತೂಕ, ಹುಟ್ಟಿದ ಗಳಿಗೆ ಎಲ್ಲ ಬಲ್ಲವರು ಲೋಕದಲ್ಲಿ ತಾವೊಬ್ಬರೇ. ಆದ್ದರಿಂದ ತಾವೇ ಜ್ಞಾನತಂದೆಯಾಗಿ ಭಾನುವಾರ ಹತ್ತು ಗಂಟೆಗೆ ದಯಮಾಡಿಸಬೇಕು. ಮಗು ಒದೆಯುತ್ತದೆ, ಗಟ್ಟಿಯಾಗಿ ಹಿಡಿಯಬೇಕು. ಹಿಡಿದು ನಿಲ್ಲಿಸುವುದು ತಮಗೆ ಹೇಳಿಕೊಡಬೇಕಿಲ್ಲ.

ಇನ್ನೂ ಬಾಗಿಲ ಹೊರಗೇ ನಿಂತಿರುವ
ತಮ್ಮ ವಿಶ್ವಾಸಿ,
ಸಿಂಫೊರಿಯಾನಾ

ಮರೆತ ಮಾತು: ಬಂದಾಗ ನಮ್ಮ ಗೇಟಿನ ಮುಂದೆ ಚಪ್ಪಾಳೆ ತಟ್ಟಿ, ಸಾಕು. ಮೊದಲು ಕುಡಿಯಲು ಸೊಪ್ಪು ನೆನೆಸಿದ ತಣ್ಣನೆಯ ತೆರೆರೆ ಕೊಡುತ್ತೇವೆ, ಹೆಸರು ಆಮೇಲೆ ಕೇಳುತ್ತೇವೆ. ನಮ್ಮಲ್ಲಿ ಬುಟ್ಟಿಗೆ ಹೋಗುವುದು ಕುಡಿದು ಉಳಿದ ಸೊಪ್ಪು ಮಾತ್ರ.