ಸಕ್ಕರೆ ತಿಂದವರ ನೆನಪು

ಬೆಳಿಗ್ಗೆ ಒಂಬತ್ತಕ್ಕೆ ಸೀಸೆಯಿಂದ ಒಂದು ಅಂಟುಚೀಟಿ ಉದುರಿತು. ಉಗುರಿನಷ್ಟು ಚೀಟಿ, ತೂಕಡಿಕೆಯ ಎದೆಯಲ್ಲಿ ಮಾತ್ರ ಬಂಡೆ ಉರುಳಿತು. ತೂಕಡಿಕೆ ಎಂದರೆ ಪ್ರಯೋಗಾಲಯದ ಸಹಾಯಕ. ಅವನಷ್ಟು ಸೊಗಸಾಗಿ ನಿದ್ದೆ ಹೋಗುವವರು ಭೂಮಂಡಲದಲ್ಲೇ ಇಲ್ಲ. ನಾನು ಪೂರ್ತಿ ಸುತ್ತಿ ನೋಡಿಯೇ ಹೇಳುತ್ತಿದ್ದೇನೆ.

ಅವನ ಬಳಿ ಎರಡು ಸೀಸೆ, ಎರಡರಲ್ಲೂ ರಕ್ತದ ಕಾವಲು ಕೋಶಗಳು. ಹೋದ ವಾರ ಒಂದಕ್ಕೆ ಯೀಸ್ಟಿನಿಂದ ತೆಗೆದ ಪುಡಿ ಹಾಕಿ ಪಾಠ ಕಲಿಸಿದ್ದ. ಪಾಠ ಕಲಿತ ಕೋಶ ಸಕ್ಕರೆಯನ್ನು ಗಬಗಬ ತಿನ್ನುತ್ತದೆ. ಆ ಹಸಿವಿನಲ್ಲೇ ನೆನಪು ಉಳಿದು, ಮುಂದೆ ಕ್ಯಾನ್ಸರ್ ಕೋಶ ಕಂಡರೆ ಮುಗಿಬಿದ್ದು ಕೊಲ್ಲುತ್ತದೆ. ಇನ್ನೊಂದು ಸೀಸೆಯಲ್ಲಿದ್ದವು ಪಾಠ ಕಾಣದ ದಡ್ಡರು. ನಾಲ್ಕಕ್ಕೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಂದು ಎರಡರ ವ್ಯತ್ಯಾಸ ನೋಡಬೇಕು. ಕಾಣದಿದ್ದರೆ ತೂಕಡಿಕೆಗೆ ಸೀಸೆ ತೊಳೆಯುವ ತೊಟ್ಟಿಯೇ ಗತಿ. ಈಗ ‘ಕಲಿತವು’ ಎಂಬ ಚೀಟಿ ಯಾವ ಸೀಸೆಯದು?

“ಅಯ್ಯೋ, ಅಷ್ಟೇನಾ?” ಎಂದ ಪಕ್ಕದ ಮೇಜಿನ ಬಾಯಿಬಡುಕ. “ಕೋಶ ಸಕ್ಕರೆ ತಿಂದ್ರೆ ಸೀಸೆಯ ಕೆಂಪು ನೀರು ಹಳದಿ ಆಗುತ್ತೆ. ಮೊದಲು ಹಳದಿ ಆದದ್ದೇ ಪಂಡಿತರ ಸೀಸೆ. ಸುಮ್ನೆ ಕಾಯ್ತಾ ಕೂತ್ಕೋ.”

ತೂಕಡಿಕೆ ಹಸಿರು ಬಣ್ಣ ಹಚ್ಚಿದ ಕ್ಯಾನ್ಸರ್ ಕೋಶಗಳನ್ನು ಎರಡಕ್ಕೂ ಹಾಕಿ, ಸೀಸೆಗಳನ್ನು ಬೆಚ್ಚಗಿನ ಕಾವುಪೆಟ್ಟಿಗೆಯಲ್ಲಿಟ್ಟು, ಅದರ ಗಾಜಿನ ಮುಂದೆ ಕೂತ. ಪೆಟ್ಟಿಗೆ ಜೋಗುಳದಂತೆ ಗುಂಯ್ ಎನ್ನುತ್ತಿತ್ತು. ಸೀಸೆಯೊಳಗೆ ಮೆಲ್ಲಗೆ ಸಂಜೆಯಾಯಿತು: ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹೊನ್ನಾಗತೊಡಗಿತು. ಆ ಹೊನ್ನಿನಲ್ಲಿ ಅವನೂ ತೇಲಿದ. ಆನೆಗಾತ್ರದ ಕೋಶವೊಂದು ಅವನ ಭುಜ ತಟ್ಟಿ, “ಇನ್ನೊಂಚೂರು ಸಕ್ಕರೆ ಇದೆಯಾ, ಗುರುಗಳೇ?” ಎಂದು ಕೇಳಿತು.

ಭುಜ ತಟ್ಟಿದವನು ಬಾಯಿಬಡುಕ. “ಏಳೋ! ಮೂರೂಮುಕ್ಕಾಲು!”

ಎರಡೂ ಸೀಸೆ ಹಳದಿ!

“ಯಾವುದಕ್ಕಾದ್ರೂ ಅಂಟಿಸು ಮಾರಾಯ, ಮೇಡಂ ಬಂದ್ರು!”

ತೂಕಡಿಕೆ ಕಣ್ಣು ಮುಚ್ಚಿ ಅಂಟಿಸಿದ.

ಮೇಡಂ ಚೀಟಿಯಿದ್ದ ಸೀಸೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. “ಭೇಷ್! ಹಸಿರು ಒಂದು ಚುಕ್ಕೆನೂ ಉಳಿದಿಲ್ಲ.” ತೂಕಡಿಕೆ ನೆಲದಿಂದ ಮೂರು ಮೊಳ ಮೇಲೇರಿದ. ಅವರು ಎರಡನೆಯದನ್ನೂ ನೋಡಿದರು. “ಇಲ್ಲೂ ಇಲ್ಲ! ಏನಪ್ಪಾ, ಇವು ಕಲಿಸದೇ ಕಲಿತ್ವಾ?”

ಸೀಸೆ ತೊಳೆಯುವ ಅಕ್ಕ ತೊಟ್ಟಿಯ ಬಳಿಯಿಂದ ಬಂದಳು. “ನಾನೇ ಕಲಿಸಿದ್ದು ಮೇಡಂ. ಹೋದ ವಾರ ಒಂದಕ್ಕೆ ಬಡಿಸಿ ಈ ತಮ್ಮ ನಿದ್ದೆ ಹೋದ. ಇನ್ನೊಂದು ಉಪವಾಸ ಬೀಳೋದಾ? ಉಳಿದ ಪುಡೀನ ಅವನು ಹಾಕಿದ ಹಾಗೇ ಹಾಕ್ದೆ. ಪಂಕ್ತಿಭೇದ ಮಾಡಬಾರದು ನೋಡಿ.”

“ಅಳತೆ?”

“ಕಣ್ಣಳತೆ.”

ಮೇಡಂ ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. “ಇವನು ಆರು ತಿಂಗಳು ಒದ್ದಾಡಿ ಕಲಿತದ್ದನ್ನ ನೀವು ಬರೀ ನೋಡಿ ಕಲಿತ್ರಾ! ಇವನ ಕುರ್ಚಿ ಇನ್ನು ನಿಮ್ದು, ಅಕ್ಕ.”

“ಹಾಗಾದ್ರೆ ತೊಟ್ಟಿ?”

ಎಲ್ಲರೂ ತೂಕಡಿಕೆಯತ್ತ ತಿರುಗಿದರು. ಅಕ್ಕ ತನ್ನ ಒದ್ದೆ ಕೈಗವಸು ಬಿಚ್ಚಿ, ಮಮತೆಯಿಂದ ಅವನಿಗೆ ತೊಡಿಸಿದಳು.

“ನೀರು ಬೆಚ್ಚಗಿದೆ, ತಮ್ಮಾ. ನಿದ್ದೆ ಚೆನ್ನಾಗಿ ಬರುತ್ತೆ.”