ಗುಡ್ಡದ ಸ್ಕೂಲಿನಲ್ಲಿ ಟಿ.ಸಿ. ತಗೊಳ್ಳದವರು

ಬೇರೆ ಸ್ಕೂಲುಗಳಲ್ಲಿ ಪಾಠ ನಡೆಯುತ್ತೆ, ನಮ್ಮಲ್ಲಿ ಪಾಠದ ಮಧ್ಯೆ ಏನಾದರೊಂದು ನಡೀತಾನೇ ಇರುತ್ತೆ. ಅಂತರಸಂತೆಯಿಂದಾಚೆ, ಕಾಡಂಚಿನ ಗುಡ್ಡದ ಮೇಲೆ ಒಂದೇ ಕೋಣೆಯ ಸ್ಕೂಲು, ನಾನೊಬ್ಬಳೇ ಮಿಸ್ಸು. ಕೆ.ಆರ್. ನಗರದ ನಾಲೆ ಬಯಲಿನವಳು ನಾನು, ಗುಡ್ಡವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೆ ಅಷ್ಟೆ. ಬಂದಾಗಿನಿಂದಲೂ ಒಂದೇ ಸುದ್ದಿ: ಮಕ್ಕಳು ಕಮ್ಮಿ, ಈ ಸ್ಕೂಲು ಮುಚ್ಚಿ ಕೆಳಗಿನೂರಿನದಕ್ಕೆ ಸೇರಿಸ್ತಾರಂತೆ. ಕೆಳಗಿನೂರಿಗೆ ಹೋಗಬೇಕಾದರೆ ಆನೆ ಓಡಾಡೋ ಜಾಗ ದಾಟಬೇಕು. ಮುಚ್ಚಿದರೆ ನಮ್ಮ ಚಿಳ್ಳೆಪಿಳ್ಳೆಗಳ ಓದು ಅಲ್ಲಿಗೇ ಮುಗೀತು.

ಕಾವಲು

ಮೊದಲನೇ ದಿನ ಬಸ್ಸಿಳಿದರೆ ಊರಿನ ಇಬ್ಬರು ನಿಂತಿದ್ದರು. ಒಬ್ಬ ಅಜ್ಜನ ಕೈಲಿ ತಮಟೆ, ಇನ್ನೊಬ್ಬರ ಕೈಲಿ ದೊಣ್ಣೆ. ಆನೆಗಳು ಸರಿಯಲಿ ಅಂತ ದಾರಿಯುದ್ದಕ್ಕೂ ತಮಟೆ ಬಡಿಯುತ್ತಾ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದರು. ಒಳ್ಳೆ ಮದುವೆ ಹೆಣ್ಣಿನ ಮೆರವಣಿಗೆ. ಸ್ಕೂಲು ಶುರುವಾದಾಗಿನಿಂದ ಇದೇ ಪದ್ಧತಿಯಂತೆ, ಮನೆಮನೆಗೂ ಸರದಿ. ಬಿತ್ತನೆ ಇರಲಿ, ಕುಯ್ಲಿರಲಿ, ತಪ್ಪಿಸಿದವರಿಲ್ಲ. ಅಕ್ಷರ ಕಲಿಸೋಕೆ ಬಂದವರನ್ನು ಒಂದು ಊರು ಅಜ್ಜನ ಕಾಲದಿಂದ ಹೀಗೆ ಕಾಯ್ದುಕೊಂಡು ಬಂದಿದೆಯಲ್ಲ ಅಂತ ತಮಟೆಯ ಹಿಂದೆ ತಲೆಬಾಗಿ ನಡೆದೆ.

ಸ್ವಲ್ಪ ದಿನ ಕಳೆದ ಮೇಲೆ ಸಂಕೋಚವಾಯಿತು. "ನಂಗೇನು ಭಯ ಇಲ್ಲ ಬಿಡಿ ಯಜಮಾನ್ರೇ, ನಾನೇ ಬರ್ತೀನಿ" ಅಂದೆ.

ತಮಟೆ ಅಜ್ಜ ನಡೆಯುತ್ತಲೇ ಹೇಳಿದರು: "ನಿಮ್ಗೆ ಭಯ ಅಂತಲ್ಲ ಕಣ್ ಮಿಸ್ಸೋರೆ. ಅದೇ ಬಸ್ಸತ್ಕೊಂಡು ವಾಪಸ್ ಒಂಟೋಗ್ಬುಟ್ಟೀರಿ ಅಂತ ನಮ್ಗೆ ಭಯ. ಹಿಂದ್ಕೆ ಒಬ್ರು ಮೇಷ್ಟ್ರು ಅಂಗೇ ಮಾಡುದ್ರು."

ಮೊಳೆ

ಭಾರತದ ನಕ್ಷೆ ನೇತುಹಾಕೋಣ ಅಂತ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಸ್ಕೂಲಿನ ಹಿಂದಿನ ಮನೆಯ ಅಜ್ಜಿ ಸದ್ದು ಕೇಳಿ ಸೆರಗು ಸಿಕ್ಕಿಸಿಕೊಂಡು ಬಂದುಬಿಟ್ಟರು.

"ಅಲ್ಲಿ ಒಡೀಬ್ಯಾಡಿ. ಅದು ನಮ್ಮಪ್ಪ ಕಟ್ಟಿದ್ ಗ್ವಾಡೆ."

ಆಗಲೇ ನನಗೆ ಗೊತ್ತಾಗಿದ್ದು. ಈ ಸ್ಕೂಲನ್ನು ಯಾವ ಕಂಟ್ರಾಕ್ಟರೂ ಕಟ್ಟಿಲ್ಲ. ಊರಿನವರು ಕೆಳಗಿನ ಕೆರೆಯಿಂದ ಮಣ್ಣನ್ನು ತಲೆ ಮೇಲೆ ಹೊತ್ತು ತಂದು, ಗೋಡೆಯನ್ನು ಮನೆಮನೆಗೆ ಪಾಲು ಹಾಕಿಕೊಂಡು ಕಟ್ಟಿದ್ದಾರೆ. ಓದೋಕೆ ಬರದವರು ಕಟ್ಟಿದ ಗೋಡೆ ಅದು. ಮುಟ್ಟಿ ನೋಡಿದೆ. ಮೊಳೆಯನ್ನು ಕೆಳಗಿಟ್ಟೆ.

"ತಪ್ಪಾಯ್ತು ಅಜ್ಜಿ. ನಕ್ಷೆ ಬೇಡ ಬಿಡಿ."

"ಯಾಕ್ ಬ್ಯಾಡ? ಪಕ್ಕುಕ್ ಒಡೀರಿ. ಅದು ನಮ್ಮತ್ತೆ ಮನೆಯೋರು ಕಟ್ಟಿದ್ದು. ಎಷ್ಟ್ ಬೇಕಾದ್ರೂ ಒಡ್ಕಳಿ."

ಆನೆ

ಒಂದು ಬೆಳಿಗ್ಗೆ ಮಕ್ಕಳೆಲ್ಲ ಲೇಟು. ದಾರಿಯಲ್ಲಿ ಆನೆ ನಿಂತಿತ್ತು ಅಂದರು, ಒಪ್ಪಿದೆ. ಕೊನೆಗೆ ಬಂದವಳು ಆ ಅಜ್ಜಿಯ ಮೊಮ್ಮಗಳು.

"ನಿಮ್ಮನೆ ಇಲ್ಲೇ ಹಿಂದಿದೆಯಲ್ಲೇ, ನಿಂಗ್ಯಾವ ಆನೆ?"

"ಅದೇ ಆನೆ ಮಿಸ್. ನಾನು ನೋಡಕ್ಕೋಗಿದ್ದೆ."

ಹಾಜರಿ

ಕೊನೆಗೂ ಆ ದಿನ ಬಂತು. ಸ್ಕೂಲು ಇರಬೇಕೋ ಮುಚ್ಚಬೇಕೋ ನೋಡೋಕೆ ತಾಲ್ಲೂಕು ಊರು ಕೋಟೆಯಿಂದ ಶಿಕ್ಷಣ ಇಲಾಖೆಯ ಆಫೀಸರು ಬರ್ತಾರೆ ಅಂತ ಫೋನು. ಎಲ್ಲ ಮಕ್ಕಳನ್ನೂ ತಪ್ಪದೆ ಕಳಿಸಿ ಅಂತ ಮನೆಮನೆಗೂ ಹೇಳಿ ಬಂದೆ. ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೆಳಿಗ್ಗೆ ಆಫೀಸರ ಜೊತೆ ಒಳಗೆ ಕಾಲಿಟ್ಟರೆ ಕೋಣೆ ಗಿಜಿಗಿಜಿ. ಮುಂದೆ ಮಕ್ಕಳು. ಹಿಂದೆ ಗೋಡೆವರೆಗೂ ಊರಿನ ದೊಡ್ಡವರು, ಚಕ್ಕಳಮಕ್ಕಳ ಹಾಕಿ, ಕೈಕಟ್ಟಿಕೊಂಡು ಕೂತಿದ್ದಾರೆ. ಎಲ್ಲರೂ ಒಟ್ಟಿಗೆ ಎದ್ದು "ನಮಸ್ತೇ ಸಾರ್" ಅಂದರು.

"ಇವ್ರೆಲ್ಲ ಯಾರ್ರೀ?" ಅಂದರು ಆಫೀಸರು.

ತಮಟೆ ಅಜ್ಜ ಹೇಳಿದರು: "ಈ ಸ್ಕೂಲಿನ್ ಉಡುಗ್ರು ಸಾರ್. ನಾವ್ಯಾರೂ ಟಿ.ಸಿ. ತಗಂಡಿಲ್ಲ. ಬೇರೆ ಸ್ಕೂಲ್ಗೆ ವೋಗಿದ್ರೆ ತಾನೆ ತಗಳಾದು? ಅಂದ್ಮೇಲೆ ಇನ್ನೂ ಇಲ್ಲೇ ಅಲ್ವರಾ?"

ಅಜ್ಜ ನಗುತ್ತಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಅಪ್ಪಂದಿರು ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು ಕೂತ ಆ ಮುಖಗಳನ್ನು ನೋಡಿ, ಇಂಥವರಿಗೆ ನಾನು ಮಿಸ್ಸಾ ಅಂತ ಕೈಮುಗಿಯೋ ಹಾಗಾಯಿತು.

ಆಫೀಸರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ, ಎಲ್ಲರಿಗೂ ಇವತ್ತೇ ಟಿ.ಸಿ. ಕೊಡಿಸಿಬಿಡ್ತೀನಿ, ಆಗ?"

ಹಿಂದಿನ ಮನೆ ಅಜ್ಜಿ ಎದ್ದು ನಿಂತರು. "ಅವಸ್ರ ಏನಿಲ್ಲ ಸಾರ್. ವರ್ಸಕ್ಕೊಬ್ರಂಗೆ ತಗತೀವಿ. ಅಲ್ಲೀಗಂಟ ಸ್ಕೂಲು ತೆಗ್ದಿರ್ಲಿ."

ಆಫೀಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮಕ್ಕಳ ಜೊತೆ ಕೂತು ಊಟ ಮಾಡಿದರು, ಏನೂ ಹೇಳದೆ ಹೋದರು. ಬೇಸಿಗೆ ರಜೆ ಪೂರ್ತಿ ನನ್ನ ಜೀವ ಕೈಯಲ್ಲಿತ್ತು. ಮುಚ್ಚೋ ಆರ್ಡರು ಬರಲೇ ಇಲ್ಲ.

ಜೂನಿನಲ್ಲಿ ಬಾಗಿಲು ತೆಗೆದರೆ, ಎಲ್ಲರಿಗಿಂತ ಮೊದಲು ಅಜ್ಜಿ ಹೊಸಿಲ ಮೇಲೆ ಕೂತಿದ್ದರು.

"ಏನಜ್ಜಿ, ಈ ವರ್ಷದ ಟಿ.ಸಿ. ನಿಮ್ದೇನಾ?"

"ನಂಗ್ ಬ್ಯಾಡ ಕಣ್ ಮಿಸ್ಸೋರೆ," ಅಂದರು ಅಜ್ಜಿ. "ಈ ಸಲವೂ ನಾನು ಫೇಲು ಅಂತ ಬರ್ಕಳಿ."